ಸೋಪಕ್ಕನೂ ಅತ್ತೆಯ ಕೈಯೂ

ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಊರಿನವರ ಹೊಲಸು ಒಗೆದವಳಿಗೆ ಮನುಷ್ಯರ ಬಗ್ಗೆ ಏನು ಅಭಿಪ್ರಾಯ ಉಳಿದೀತೋ ಅದೇ ಸೋಪಕ್ಕನಿಗೂ ಉಳಿದಿತ್ತು. ಮನುಷ್ಯನೆಂದರೆ ಸೋರುವ ಪ್ರಾಣಿ. ಮೂಗಿನಿಂದ ಸೋರುತ್ತಾನೆ, ಬಾಯಿಂದ ಸೋರುತ್ತಾನೆ, ಗಾಯದಿಂದ ಸೋರುತ್ತಾನೆ, ಸೋರಿದ್ದನ್ನೆಲ್ಲ ಬಿಳಿ ಚಾದರಕ್ಕೆ ಒರೆಸಿ ಗುಣವಾಯಿತೆಂದು ಮನೆಗೆ ಹೋಗುತ್ತಾನೆ. ಆ ಚಾದರಗಳು ತಳ್ಳುಗಾಡಿಯಲ್ಲಿ ನೆಲಮಾಳಿಗೆಗೆ ಇಳಿದು ಇವಳ ಮುಂದೆ ರಾಶಿ ಬೀಳುತ್ತವೆ. ರಕ್ತದ್ದು ಒಂದು ಕಡೆ, ವಾಂತಿಯದ್ದು ಒಂದು ಕಡೆ, ಬಾಯಿಬಿಟ್ಟು ಹೇಳಬಾರದ್ದು ಇನ್ನೊಂದು ಕಡೆ ಬೇರೆ ಮಾಡಿ ಯಂತ್ರಕ್ಕೆ ತುಂಬಬೇಕು. ಒಮ್ಮೆ ಚಾದರ ಕೊಡವಿದಾಗ ಯಾರದೋ ಹಲ್ಲಿನ ಸೆಟ್ಟು ಉದುರಿತ್ತು. ಇನ್ನೊಮ್ಮೆ ಅರ್ಧ ತಿಂದ ಮೊಟ್ಟೆ. ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆ ಎಂದು ಜೊತೆಯವರು ಊಟದ ಹೊತ್ತಿನಲ್ಲಿ ವಾದಕ್ಕೆ ಕೂತರು. ಅವಳು ಡಬ್ಬಿ ಮುಚ್ಚಿಕೊಂಡು ಎದ್ದು ಹೋದಳು.

ಕೈಚೀಲದಲ್ಲಿ ಸದಾ ಒಂದು ಸೋಪು ಇರುತ್ತಿದ್ದುದರಿಂದ ಸೋಪಕ್ಕ ಎಂಬ ಹೆಸರು ಬಿದ್ದಿತ್ತು. ನೆಂಟರ ಮನೆಯಲ್ಲೂ ಲೋಟವನ್ನು ತಾನೇ ಇನ್ನೊಮ್ಮೆ ತೊಳೆದು ನೀರು ಕುಡಿಯುವವಳು. ಬಸ್ಸಿನಲ್ಲಿ ಕಂಬಿ ಹಿಡಿಯುತ್ತಿರಲಿಲ್ಲ. ಬ್ರೇಕು ಬಿದ್ದಾಗ ಮೂವರ ಮೇಲೆ ಬಿದ್ದು, ಆ ಮೂವರನ್ನೂ ಕೆಟ್ಟದಾಗಿ ನೋಡುತ್ತಿದ್ದಳು. ಗಂಡ ಬದುಕಿದ್ದಷ್ಟು ಕಾಲ ಕಾಲು ತೊಳೆಯದೆ ಹಾಸಿಗೆ ಹತ್ತಲಿಲ್ಲ. ಆದರೆ ಈ ಎಲ್ಲ ಹೇಸಿಗೆಗೂ ಒಂದು ತವರುಮನೆ ಇತ್ತು. ಅದು ಅವಳ ಅತ್ತೆ.

ಅತ್ತೆಗೆ ಈಗ ಎಂಬತ್ತೆರಡು. ನಶ್ಯದ ಚಟ. ಹೆಬ್ಬೆರಳೂ ತೋರುಬೆರಳೂ ಕಂದುಬಣ್ಣಕ್ಕೆ ತಿರುಗಿವೆ, ಮೂಗಿನ ಕೆಳಗೆ ಒಂದು ಕಂದು ಗೆರೆ ಒಣಗಿಕೊಂಡೇ ಇರುತ್ತದೆ, ಕರ್ಚೀಫನ್ನು ಮಡಿಸಿದರೆ ರಟ್ಟಿನಂತೆ ಸದ್ದಾಗುತ್ತದೆ. ಸೋಪಕ್ಕ ಅವರನ್ನು ಹಿಂದಿನ ಕೋಣೆಯಲ್ಲಿ ಇಟ್ಟಿದ್ದಳು. ತಟ್ಟೆ ಬೇರೆ, ಲೋಟ ಬೇರೆ, ಬಕೆಟ್ಟೂ ಬೇರೆ. ಹೊತ್ತುಹೊತ್ತಿಗೆ ಊಟ ಹಾಕುತ್ತಿದ್ದಳು, ಆ ವಿಷಯದಲ್ಲಿ ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ. ತಟ್ಟೆಯನ್ನು ಮಾತ್ರ ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟು ಬರುತ್ತಿದ್ದಳು.

ಅದಕ್ಕೆ ಕಾರಣ ಹಳೆಯದು. ಲಾಂಡ್ರಿಗೆ ಸೇರಿದ ವರ್ಷವೇ ಅವಳಿಗೆ ಚೊಚ್ಚಲ ಗಂಡುಮಗು ಹುಟ್ಟಿತ್ತು. ಮನೆಗೆ ಕರೆತಂದ ಎರಡನೆಯ ದಿನ ಅವಳು ಸ್ನಾನ ಮುಗಿಸಿ ಬಂದು ನೋಡುತ್ತಾಳೆ, ಅಳುವ ಮಗುವನ್ನು ಸುಮ್ಮನಿರಿಸಲು ಅತ್ತೆ ಬೆರಳು ಚೀಪಿಸುತ್ತಿದ್ದಾರೆ. ಅದೇ ಕಂದು ಬೆರಳು. ಮೂರು ದಿನದಲ್ಲಿ ಮಗು ಅರಿಸಿನದಂತೆ ಹಳದಿಯಾಯಿತು, ಹಾಲು ಬಿಟ್ಟಿತು, ಹೋಗಿಯೇ ಬಿಟ್ಟಿತು. ಅಂದಿನ ಡಾಕ್ಟರು ಕಾಮಾಲೆ ಎಂದಷ್ಟೇ ಹೇಳಿದರು, ಯಾಕೆ ಬಂತೆಂದು ಹೇಳಲಿಲ್ಲ. ಸೋಪಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಅವಳು ಕಣ್ಣಾರೆ ಕಂಡಿದ್ದಳು. "ನಿಮ್ಮ ಕೈಯಿಂದ್ಲೇ ಹೋಯ್ತು" ಎಂದು ಒಂದೇ ಒಂದು ಸಲ ಅಂದಳು. ಅತ್ತೆ ತಲೆ ತಗ್ಗಿಸಿ ಒಳಗೆ ಹೋದರು. ಎರಡು ವರ್ಷದ ಮೇಲೆ ಹುಟ್ಟಿದ ಮಗಳನ್ನು ಎತ್ತಿಕೊಳ್ಳಲೂ ಕೇಳಲಿಲ್ಲ.

ಈಗ ಆ ಮಗಳಿಗೆ ಗಂಡುಮಗು ಹುಟ್ಟಿತು, ದಿನ ತುಂಬುವ ಮೂರು ವಾರ ಮೊದಲೇ. ಅಂಗೈಯಲ್ಲಿ ಹಿಡಿಸುವಷ್ಟು ಜೀವ. ತೂಕ ಬರಲಿ ಎಂದು ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗೆ ಇಟ್ಟರು. ಸೋಪಕ್ಕನಿಗೆ ಆ ಪೆಟ್ಟಿಗೆಯಷ್ಟು ಹಿಡಿಸಿದ ವಸ್ತು ಜೀವಮಾನದಲ್ಲಿ ಇನ್ನೊಂದಿಲ್ಲ. ಯಾರೂ ಮುಟ್ಟುವಂತಿಲ್ಲ, ಯಾರೂ ಕೆಮ್ಮುವಂತಿಲ್ಲ. ಮಕ್ಕಳೆಲ್ಲ ಹೀಗೆಯೇ ಹತ್ತು ವರ್ಷ ಗಾಜಿನೊಳಗೆ ಬೆಳೆದರೆ ಎಷ್ಟು ಚೆನ್ನ ಎಂದು ನರ್ಸಮ್ಮನಿಗೆ ಹೇಳಿದಳು.

ಮಗಳು ಮಲಗಿದ್ದ ವಾರ್ಡಂತೂ ಸಂತೆ. ಒಬ್ಬಳು ಮಗುವಿನ ತಲೆಯ ಮೇಲೆಯೇ ತನ್ನ ಕೂದಲು ಬಾಚಿ, ಉದುರಿದ್ದನ್ನು ಉಂಡೆ ಮಾಡಿ ಮಂಚದ ಕೆಳಗೆ ಎಸೆದಳು. ಇನ್ನೊಬ್ಬ ಕೋಳಿಮೂಳೆ ಚೀಪಿದ ಕೈಯನ್ನು ಕಿಟಕಿಯ ಪರದೆಗೆ ಒರೆಸಿ, ಅದೇ ಕೈಯಲ್ಲಿ ಎರಡು ದಿನದ ಕೂಸಿನ ಗಲ್ಲ ಹಿಂಡಿದ. ಆ ಪರದೆ ನಾಳೆ ಯಾರ ಮುಂದೆ ಬಂದು ಬೀಳುತ್ತದೆ ಎಂಬುದು ಸೋಪಕ್ಕನಿಗೆ ಗೊತ್ತಿತ್ತು. ಕೈತೊಳೆಯುವ ತೊಟ್ಟಿಯಲ್ಲಿ ಯಾರೋ ಕಫ ಉಗಿದು ನೀರು ಬಿಡದೆ ಹೋಗಿದ್ದರು, ಅದು ಅಲ್ಲಿ ಕೂತು ಎಲ್ಲರನ್ನೂ ನೋಡುತ್ತಿತ್ತು. ಅವಳಿಗೆ ಅನ್ನ ಸೇರಲಿಲ್ಲ. "ಈ ಜನಕ್ಕೆ ಮಕ್ಕಳು ಯಾತಕ್ಕೆ, ಹಂದಿ ಸಾಕ್ಲಿ" ಎಂದು ಮಗಳ ಕಿವಿಯಲ್ಲಿ ಅಂದಳು. "ಮೆತ್ತಗೆ ಹೇಳಮ್ಮ, ಹಂದಿ ಕೇಳಿಸ್ಕೊಂಡ್ರೆ ಬೇಜಾರು ಮಾಡ್ಕೊಳ್ಳುತ್ತೆ" ಎಂದಳು ಮಗಳು.

ಹತ್ತನೆಯ ದಿನ ಕೂಸು ಮನೆಗೆ ಬಂತು. ಅದಕ್ಕಾಗಿ ಸೋಪಕ್ಕ ಆರು ತಿಂಗಳಿನಿಂದ ಬಟ್ಟೆ ಸಿದ್ಧಮಾಡಿ ಇಟ್ಟಿದ್ದಳು. ಅಂಗಿ, ಟೋಪಿ, ಲಂಗೋಟಿ, ಹೊದಿಕೆ ಎಲ್ಲವನ್ನೂ ಲಾಂಡ್ರಿಯ ಯಂತ್ರದಲ್ಲೇ ಕುದಿಸಿ, ಇಸ್ತ್ರಿ ಮಾಡಿ, ಕಬ್ಬಿಣದ ಟ್ರಂಕಿನಲ್ಲಿ ಜೋಡಿಸಿದ್ದಳು. ಉಗ್ರಾಣದಲ್ಲಿ ಉಣ್ಣೆಯ ಕಂಬಳಿಗಳ ನಡುವೆ ಹುಳ ಬೀಳದಂತೆ ಹಾಕುವ ನುಸಿಗುಳಿಗೆಗಳನ್ನು ಎರಡು ಹಿಡಿ ತಂದು, ಆ ಪುಟ್ಟ ಬಟ್ಟೆಗಳ ಮಡಿಕೆಮಡಿಕೆಗೂ ಒಂದೊಂದು ಇಟ್ಟಿದ್ದಳು. ಜಿರಲೆ ಹರಿದಾಡಿದ ಬಟ್ಟೆ ತನ್ನ ಮೊಮ್ಮಗನ ಮೈಗೆ ಬೇಡ. ಟ್ರಂಕು ತೆರೆದಾಗ ಅಳಿಯನ ಕಣ್ಣಲ್ಲಿ ನೀರು ಬಂತು. ಬಸ್ಸು ಓಡಿಸುವವನು, ಡೀಸೆಲ್ಲಿನ ಹೊಗೆಗೆ ಜಗ್ಗದವನು.

"ಅಮ್ಮ, ಒಂದ್ಸಲ ನೀರಲ್ಲಿ ಜಾಲಿಸಿ ಬಿಸಿಲಿಗಾದ್ರೂ ಹಾಕು. ವಾಸನೆ ತುಂಬಾ ಇದೆ" ಎಂದಳು ಮಗಳು.

"ಈ ಮನೆ ನಲ್ಲಿ ನೀರಲ್ಲಿ ಜಾಲಿಸ್ಲಾ? ಬೀದಿ ಧೂಳಲ್ಲಿ ಒಣಗಿಸ್ಲಾ? ಕುದಿಸಿದ ಬಟ್ಟೆ ಕಣೇ ಅದು. ಅದು ವಾಸನೆ ಅಲ್ಲ, ಶುಭ್ರ."

ಕೂಸಿಗೆ ತೊಡಿಸಿ, ಎರಡು ಸುತ್ತು ಹೊದಿಸಿ, ಬಾಗಿಲಲ್ಲಿ ಸ್ಟೂಲು ಹಾಕಿ ಕೂತಳು. ನೋಡಲು ಬಂದವರು ಮೊಣಕೈವರೆಗೆ ಕೈ ತೊಳೆಯಬೇಕು, ಉಗುರು ತೋರಿಸಬೇಕು. ಪಕ್ಕದ ಮನೆಯವಳು ಮುತ್ತು ಕೊಡಲು ಬಗ್ಗಿದಾಗ ನಡುವೆ ತನ್ನ ಅಂಗೈ ಇಟ್ಟಳು, ಮುತ್ತು ಅದಕ್ಕೇ ಬಿತ್ತು, ಎದ್ದು ಹೋಗಿ ತೊಳೆದುಕೊಂಡಳು. ಅವಳ ಮೈಯೆಲ್ಲ ಕಣ್ಣು. ಆದರೂ ಎರಡನೆಯ ದಿನ ಹಾಲು ಬಿಸಿಮಾಡಲು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ತೊಟ್ಟಿಲ ಹತ್ತಿರ ಬಂದುಬಿಟ್ಟಿದ್ದರು. ಕೂಸಿನ ಪಾದವನ್ನು ಒಂದೇ ಬೆರಳಿನಿಂದ ಮುಟ್ಟುತ್ತಿದ್ದರು.

"ಒಂದು ತಿಂದಿದ್ದು ಸಾಕಾಗ್ಲಿಲ್ವಾ ನಿಮಗೆ?" ಎಂದಳು ಸೋಪಕ್ಕ.

ಅತ್ತೆ ಬೆರಳು ಹಿಂದಕ್ಕೆಳೆದುಕೊಂಡು ಬಂದ ಹಾಗೆಯೇ ಗೋಡೆ ಹಿಡಿದು ಹೋದರು. ಸೋಪಕ್ಕ ಕೂಸಿನ ಪಾದವನ್ನು ಒರೆಸಿದಳು, ಸಮಾಧಾನವಾಗದೆ ಮತ್ತೆ ಒರೆಸಿದಳು, ಟ್ರಂಕಿನಿಂದ ಹೊಸ ಕಾಲುಚೀಲ ತೆಗೆದು ಹಾಕಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಕೂಸು ಹಾಲಿಗೆ ಬಾಯಿ ಹಾಕಲಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟಿದೆ, ಮಲಗಲಿ ಎಂದಳು ಸೋಪಕ್ಕ. ಹಿಂದಿನ ಕೋಣೆಯ ಬಾಗಿಲಿನಿಂದಲೇ ಅತ್ತೆ, "ಕಣ್ಣು ಬಿಡಿಸಿ ನೋಡೇ. ಹಳದಿ ಆಗಿರ್ಬೇಕು. ಆಗ್ಲೂ ಹೀಗೇ ಮಲಗಿತ್ತು" ಎಂದರು. ಮಗಳು ರೆಪ್ಪೆ ಸರಿಸಿದಳು. ಬಿಳಿಯಿರಬೇಕಾದ ಜಾಗವೆಲ್ಲ ಹಳದಿ. ಲಂಗೋಟಿ ತೆರೆದರೆ ಚಹಾದ ಬಣ್ಣದ ಉಚ್ಚೆ.  ಸೋಪಕ್ಕ ಕೂಸನ್ನೆತ್ತಿಕೊಂಡು ಓಡುವಾಗಲೂ ತಿರುಗಿ ನಿಂತು ಅತ್ತೆಗೆ ಹೇಳಿಯೇ ಹೋದಳು: "ಇದೂ ಹೋದ್ರೆ ನಿಮ್ಮ ಮುಖ ನಾನು ನೋಡಲ್ಲ."

ಮಕ್ಕಳ ಡಾಕ್ಟರಮ್ಮನ ಮುಂದೆಯೂ ಅದೇ ಮಾತು. ಮನೆಯಲ್ಲಿ ನಶ್ಯ ಹಾಕುವ ಮುದುಕಿಯೊಬ್ಬರಿದ್ದಾರೆ, ಹೊಲಸು ಕೈ, ಮಗುವನ್ನು ಮುಟ್ಟಿದ್ದಾರೆ, ಮೊದಲೊಮ್ಮೆಯೂ ಹೀಗೆಯೇ ಆಗಿತ್ತು ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರಮ್ಮ ಕೇಳಿಸಿಕೊಳ್ಳುತ್ತಲೇ ಕೂಸಿನ ಹೊದಿಕೆ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿದರು. ಶುಭ್ರವಾದ ಬಟ್ಟೆಯೊಂದಕ್ಕೆ ಯಾರಾದರೂ ಹಾಗೆ ಮುಖ ಸಿಂಡರಿಸಿದ್ದನ್ನು ಸೋಪಕ್ಕ ಕಂಡಿರಲಿಲ್ಲ.

"ನುಸಿಗುಳಿಗೆ ಹಾಕಿಟ್ಟಿದ್ದ ಬಟ್ಟೆನಾ ಇದು? ಒಗೀದೆ ಹಾಕಿದ್ರಾ?"

"ಒಗೆದೇ ಇಟ್ಟಿದ್ದು ಮೇಡಂ. ಕುದಿಸಿದ್ದು."

"ಗುಳಿಗೆಯಿಂದ ತೆಗೆದ ಮೇಲೆ ಒಗೆದ್ರಾ?"

ಸೋಪಕ್ಕ ಇಲ್ಲವೆಂದು ತಲೆಯಾಡಿಸಿದಳು. ನರ್ಸಮ್ಮ ಕೂಸಿನ ಮೈಮೇಲಿದ್ದುದನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಬರಿಮೈಯ ಕೂಸನ್ನು ನೀಲಿ ದೀಪದ ಕೆಳಗೆ ಮಲಗಿಸಿದರು, ಮಧ್ಯಾಹ್ನದೊಳಗೆ ಮೈಯ ರಕ್ತವನ್ನೇ ತೆಗೆದು ಬೇರೆ ರಕ್ತ ಕೊಟ್ಟರು. ಮರುದಿನ ಪರೀಕ್ಷೆಯ ಚೀಟಿ ಹಿಡಿದು ಡಾಕ್ಟರಮ್ಮ ಮತ್ತೆ ಬಂದರು. ಕೆಲವು ಮಕ್ಕಳ ರಕ್ತಕ್ಕೆ ಈ ಗುಳಿಗೆ ವಿಷ, ಅದರ ಗಾಳಿ ಸಾಕು, ರಕ್ತ ಒಳಗೊಳಗೇ ಒಡೆಯುತ್ತದೆ, ಮೈ ಹಳದಿಯಾಗುತ್ತದೆ ಎಂದರು. ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿದು ಬರುವ ದೋಷವಂತೆ.

"ನಿನ್ನೆ ಮೊದಲೊಮ್ಮೆ ಆಗಿತ್ತು ಅಂದ್ರಲ್ಲ, ಅದು ಯಾರ ಮಗು?"

"ನಂದು. ಚೊಚ್ಚಲದ್ದು."

"ಅದಕ್ಕೂ ಇಂಥದ್ದೇ ಬಟ್ಟೆ ಹಾಕಿದ್ರಾ?"

ಹಾಕಿದ್ದಳು. ಲಾಂಡ್ರಿಗೆ ಹೊಸದಾಗಿ ಸೇರಿದ ಹುರುಪಿನಲ್ಲಿ ಉಗ್ರಾಣದವನನ್ನು ಕಾಡಿಬೇಡಿ ಗುಳಿಗೆ ತಂದಿದ್ದಳು. ಮಗು ಆಸ್ಪತ್ರೆಯಲ್ಲಿದ್ದಷ್ಟು ದಿನ ಚೆನ್ನಾಗಿತ್ತು, ಮನೆಗೆ ತಂದ ಮೇಲೆ ಹಳದಿಯಾಯಿತು, ಎರಡು ಸಲವೂ. ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಹುಡುಕುವವರನ್ನು ಅವಳು ಎಷ್ಟು ಆಡಿಕೊಂಡು ನಕ್ಕಿದ್ದಳು.  ಹೊರಗೆ ಓಡಿ ವಾಂತಿ ಮಾಡಿಕೊಂಡಳು. ಮಗಳ ಹೆಗಲು ಹಿಡಿಯಲು ಬಂದಾಗ ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. "ಈಗ ಮುಟ್ಬೇಡಮ್ಮ" ಎಂದಳು. ಸೋಪಕ್ಕ ಆ ಸರಿಯುವಿಕೆಯನ್ನು ಚೆನ್ನಾಗಿ ಬಲ್ಲಳು. ಅದು ಹೇಸಿಗೆ.

ಮೂರನೆಯ ದಿನ ಕೂಸು ಹಾಲು ಕುಡಿಯಿತು. ಇನ್ನು ಭಯವಿಲ್ಲ ಎಂದರು. ಆಗ ಅವಳು ಮನೆಗೆ ಹೊರಟಳು. ನೇರವಾಗಿ ಹಿಂದಿನ ಕೋಣೆಗೆ ಹೋಗಿ ಅತ್ತೆಯ ಮಂಚದ ಮೇಲೆ ಕೂತಳು. ಆ ಮಂಚದ ಮೇಲೆ ಅವಳು ಹಿಂದೆಂದೂ ಕೂತವಳಲ್ಲ. ಅತ್ತೆ ಗೋಡೆಯ ಕಡೆಗೆ ಸರಿದು ಜಾಗ ಬಿಟ್ಟುಕೊಟ್ಟರು.

"ಹೋಯ್ತಾ?" ಎಂದರು.

"ಇಲ್ಲ ಅತ್ತೆ. ಉಳೀತು." ಆಮೇಲೆ ಎಲ್ಲವನ್ನೂ ಹೇಳಿದಳು. ಗುಳಿಗೆ, ರಕ್ತ, ಈ ಕೂಸು, ಆ ಕೂಸು. "ನಿಮ್ಮ ಕೈಯಿಂದ ಆಗಿದ್ದಲ್ಲ. ಆವತ್ತೂ ಅಲ್ಲ. ನಾನೇ ಮಾಡಿದ್ದು."

ಅತ್ತೆ ತಮ್ಮ ಎರಡು ಬೆರಳುಗಳನ್ನು ನೋಡಿಕೊಂಡರು. ಬೈಯಲಿ ಎಂದು ಸೋಪಕ್ಕ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಹೌದೇನೇ?" ಎಂದರು ಅತ್ತೆ. "ನಾನೂ ನನ್ನ ಕೈಯಿಂದ್ಲೇ ಹೋಯ್ತು ಅಂತ್ಲೇ ನಂಬಿದ್ದೆ. ಅದಕ್ಕೇ ನಿನ್ನ ಮಗಳನ್ನ ಎತ್ಕೊಳ್ತೀನಿ ಅಂತ ಯಾವತ್ತೂ ಕೇಳ್ಲಿಲ್ಲ."