ವಿಭೂತಿಯಿಂದ ಬೆಳಗಿದ ಟ್ಯಾಕ್ಸಿ ದೀಪ

1961ನೇ ಇಸವಿ. ನಾನು ತುಮಕೂರಿನಲ್ಲಿ ಮೋಟಾರು ವಾಹನ ಇನ್‌ಸ್ಪೆಕ್ಟರ್ ಆಗಿ ಎರಡನೆಯ ವರ್ಷಕ್ಕೆ ಕಾಲಿಟ್ಟಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ಕೈಯಲ್ಲಿ ಡಿಪ್ಲೊಮಾ, ಮೈಮೇಲೆ ಗರಿಗರಿ ಖಾಕಿ, ಮೂಗಿನ ತುದಿಯಲ್ಲಿ ಕೋಪ. ತಿಂಗಳಿಗೆ ಎರಡು ಸಲ ಕುಣಿಗಲ್‌ನಲ್ಲಿ, ಒಂದು ಸಲ ಗುಬ್ಬಿಯಲ್ಲಿ ಕ್ಯಾಂಪ್ ಮಾಡಿ ಬಾಡಿಗೆ ಗಾಡಿಗಳನ್ನು ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಬ್ರೇಕು, ಸ್ಟಿಯರಿಂಗು, ಟೈರು, ದೀಪ ಎಲ್ಲ ಸರಿಯಿದ್ದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದೆ. ಡ್ರೈವರುಗಳು ಅದನ್ನು ಎಫ್‌ಸಿ ಎನ್ನುತ್ತಿದ್ದರು. ಎಫ್‌ಸಿ ಇಲ್ಲದ ಟ್ಯಾಕ್ಸಿ ಜನರನ್ನು ಕೂರಿಸಿಕೊಂಡು ರಸ್ತೆಗೆ ಇಳಿಯುವಂತಿರಲಿಲ್ಲ.

ಈ ಕೆಲಸದಲ್ಲಿ ಮೋಸ ಹೋಗುವುದು ಬಹಳ ಸುಲಭ. ನಾನು ಹೊಸಬನಾಗಿದ್ದಾಗ ಗುಬ್ಬಿಯಲ್ಲಿ ಒಂದೇ ದಿನ ಮೂರು ಟ್ಯಾಕ್ಸಿ ಪಾಸು ಮಾಡಿದೆ. ಮೂರಕ್ಕೂ ಟೈರು ಬಲು ಚೆನ್ನಾಗಿದ್ದವು. ಮೂರನೆಯದಕ್ಕೆ ಸಹಿ ಹಾಕುವಾಗ ಹಿಂದಿನ ಚಕ್ರದ ಮೇಲೆ ಕೆಂಪು ಬಣ್ಣದ ಒಂದು ಚುಕ್ಕೆ ಕಂಡಿತು. ಬೆಳಗ್ಗೆ ಮೊದಲ ಗಾಡಿಯಲ್ಲೂ ಅದೇ ಚುಕ್ಕೆ ನೋಡಿದ್ದೆನಲ್ಲ! ಪಕ್ಕದ ತೋಪಿನ ಮರೆಯಲ್ಲಿ ಜಾಕ್ ಹಾಕಿ ಒಂದು ಗಾಡಿಯ ಟೈರು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರು. ಅಂದಿನಿಂದ ಚೆನ್ನಾಗಿರುವುದನ್ನು ಕಂಡರೇ ನನಗೆ ಅನುಮಾನ. ಅದನ್ನು ಅನುಭವ ಎಂದುಕೊಂಡು ಒಳಗೊಳಗೇ ಬೀಗುತ್ತಿದ್ದೆ.

ಆ ವರ್ಷದ ಮಾರ್ಚ್ ತಿಂಗಳ ಮೊದಲ ಕ್ಯಾಂಪಿಗೆ ಕುಣಿಗಲ್‌ನ ಸಿದ್ದಲಿಂಗಪ್ಪ ಎಂಬ ಟ್ಯಾಕ್ಸಿಯವನು ಬಂದ. ನಲವತ್ತರ ಆಸುಪಾಸು, ಮಿತಭಾಷಿ, ಹಣೆತುಂಬ ವಿಭೂತಿ. ಸ್ವಂತದ್ದೊಂದು ಹಳೆಯ ವಿಲಾಯತಿ ಕಾರು. ಅದೇ ಅವನ ಹೊಲ, ಅದೇ ಅವನ ಅಂಗಡಿ. ಹೆರಿಗೆ ಕಷ್ಟವಾದ ಹೆಂಗಸರನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದರೆ ಊರಿನವರು ಮೊದಲು ಅವನ ಮನೆಯ ಬಾಗಿಲು ತಟ್ಟುತ್ತಿದ್ದರು. ಕಾರು ಹದಿನಾಲ್ಕು ವರ್ಷ ಹಳೆಯದಾದರೂ ಮೈಬಣ್ಣ ಮಾಸಿರಲಿಲ್ಲ, ಸೀಟಿನ ಚರ್ಮ ಬಿರಿದಿರಲಿಲ್ಲ. ಬ್ರೇಕು ಹಿಡಿಯುತ್ತಿತ್ತು. ಎಲ್ಲ ಸರಿ ಎನ್ನುವಷ್ಟರಲ್ಲಿ ದೀಪದ ಸರದಿ ಬಂತು.

ದೀಪದ ಪರೀಕ್ಷೆಯನ್ನು ಪ್ರವಾಸಿ ಮಂದಿರದ ಹಿಂದಿದ್ದ ಮೋಟಾರು ಶೆಡ್ಡಿನಲ್ಲಿ ಮಾಡುತ್ತಿದ್ದೆ. ಬಾಗಿಲು ಮುಚ್ಚಿದರೆ ಹಗಲಲ್ಲೂ ಒಳಗೆ ಕತ್ತಲೆ. ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು, ಇಪ್ಪತ್ತೈದು ಅಡಿ ದೂರದಲ್ಲಿ ಕಾರು ನಿಲ್ಲಿಸಿ ಬೆಳಕು ಬಿಡಿಸುತ್ತಿದ್ದೆ. ಸಿದ್ದಲಿಂಗಪ್ಪನ ದೀಪ ಗೋಡೆಯವರೆಗೆ ತಲುಪಿತು, ಆದರೆ ಸೀಮೆಎಣ್ಣೆ ಬುಡ್ಡಿಯಷ್ಟೇ ಮಂಕಾಗಿ. ಗಾಜು ಬಿಚ್ಚಿಸಿದೆ. ಆ ಕಾಲದ ದೀಪಗಳಲ್ಲಿ ಬಲ್ಬಿನ ಹಿಂದೆ ಬಟ್ಟಲಿನಂಥ ರಿಫ್ಲೆಕ್ಟರ್ ಇರುತ್ತಿತ್ತು. ಹಿತ್ತಾಳೆಯ ಮೇಲೆ ಬೆಳ್ಳಿಯ ತೆಳು ಲೇಪ. ಬಲ್ಬಿನ ಬೆಳಕನ್ನು ಒಟ್ಟುಗೂಡಿಸಿ ಮುಂದಕ್ಕೆ ಎಸೆಯುವುದು ಆ ಬೆಳ್ಳಿಯೇ. ಅದು ಎರಡೂ ಕಡೆ ಕಪ್ಪಗಾಗಿತ್ತು. ಎಡಗಡೆಯದರ ಅಂಚಿನಲ್ಲಂತೂ ಹೆಬ್ಬೆರಳಿನಷ್ಟಗಲ ಬೆಳ್ಳಿಯೇ ಕಿತ್ತುಹೋಗಿ ಹಿತ್ತಾಳೆ ಕಾಣುತ್ತಿತ್ತು.

“ಇದೇನಯ್ಯಾ ಇದು?” ಎಂದೆ.

“ಹುಣಸೆಹಣ್ಣು ಬೂದಿ ಹಾಕಿ ಉಜ್ಜಿದ್ದೆ ಸಾರ್. ದೇವ್ರ ಮನೆ ದೀಪದ ಕಂಬ ಹೊಳೀತದಲ್ಲ, ಇದೂ ಹೊಳೀತದೆ ಅನ್ಕಂಡೆ. ಹಿತ್ತಾಳೆ ಕಾಣ್ತಿದ್ದಂಗೆ ಗಾಬರಿಯಾಗಿ ಬುಟ್ಬುಟ್ಟೆ.”

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಹೊಸ ರಿಫ್ಲೆಕ್ಟರ್ ಹಾಕಿಸಿಕೊಂಡು ಮುಂದಿನ ಕ್ಯಾಂಪಿಗೆ ಬಾ ಎಂದು ಫೇಲು ಮಾಡಿ ಕಳಿಸಿದೆ. ವಿದೇಶಿ ಕಾರುಗಳ ಬಿಡಿಭಾಗ ಆಗ ಬೆಂಗಳೂರಿನಲ್ಲೂ ಸುಲಭವಾಗಿ ಸಿಗುತ್ತಿರಲಿಲ್ಲ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೆ ಅದು ನನ್ನ ತಲೆನೋವಲ್ಲ ಎಂದುಕೊಂಡೆ.

ಹದಿನೈದು ದಿನ ಬಿಟ್ಟು ಸಿದ್ದಲಿಂಗಪ್ಪ ಮತ್ತೆ ಬಂದ. ಶೆಡ್ಡಿನ ಬಾಗಿಲು ಮುಚ್ಚಿ ದೀಪ ಹಾಕಿಸಿದೆ. ಇದ್ದಿಲಿನ ಗೆರೆಯಿರಲಿ, ಗೋಡೆಯ ಮೇಲೆ ಹರಿದಾಡುತ್ತಿದ್ದ ಇರುವೆ ಕೂಡ ಕಂಡಿತು. ಹೊಸ ಕಾರುಗಳಲ್ಲೂ ಅಂಥ ಬೆಳಕು ನೋಡಿರಲಿಲ್ಲ.

“ಹೊಸದು ಹಾಕಿಸಿದೆಯಾ?”

“ಇಲ್ಲ ಸಾರ್, ಹಳೇದೇ. ಮನೇಲೇ ಕ್ಲೀನ್ ಮಾಡಿದ್ದು.”

ಗುಬ್ಬಿಯ ಕೆಂಪು ಚುಕ್ಕೆ ಕಣ್ಣ ಮುಂದೆ ಬಂತು. ಕೋಪ ನೆತ್ತಿಗೇರಿತು. ಶೆಡ್ಡಿನ ಬಾಗಿಲು ತೆಗೆಸಿ, ಹೊರಗೆ ಸರದಿಗೆ ನಿಂತಿದ್ದ ಇಪ್ಪತ್ತು ಮೂವತ್ತು ಜನ ಡ್ರೈವರು, ಕ್ಲೀನರುಗಳಿಗೆಲ್ಲ ಕೇಳುವ ಹಾಗೆ ಕೂಗಿದೆ: “ಯಾರ ಗಾಡಿಯ ದೀಪ ಕದ್ದು ತಂದೆಯೋ? ಹಣೆಗೆ ವಿಭೂತಿ ಬೇರೆ! ಕಳ್ಳನಿಗೆ ಎಫ್‌ಸಿ ಕೊಡೋಕೆ ನಾನಿಲ್ಲಿ ಕೂತಿಲ್ಲ. ಹೋಗು!”

ಅವನು ಕಾಗದಗಳನ್ನು ಎತ್ತಿಕೊಂಡು, ಕಾರನ್ನು ಅಲ್ಲೇ ಬಿಟ್ಟು ತಲೆ ತಗ್ಗಿಸಿ ನಡೆದುಹೋದ. ತಲೆ ತಗ್ಗಿಸಿದನಲ್ಲ, ಕಳ್ಳನೇ ಇರಬೇಕು ಎಂದುಕೊಂಡೆ. ಗಾಜು ಬಿಚ್ಚಿ ನೋಡಿದ್ದರೆ ಎರಡು ನಿಮಿಷದ ಕೆಲಸ. ನಾನು ನೋಡಲಿಲ್ಲ.

ಮಧ್ಯಾಹ್ನ ಮೂರು ಗಂಟೆ. ಬಂದವರೆಲ್ಲ ಅವರವರ ಕೆಲಸ ಮುಗಿಸಿಕೊಂಡು ಹೊರಟುಹೋಗಿದ್ದರು. ಲಾರಿ ಡ್ರೈವರುಗಳು ಇಬ್ಬರು ಮಾತ್ರ ನೆರಳಿನಲ್ಲಿ ಬೀಡಿ ಸೇದುತ್ತಿದ್ದರು. ಆಗ ಸಿದ್ದಲಿಂಗಪ್ಪನ ಹೆಂಡತಿ ಗೌರಮ್ಮ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಬಟ್ಟೆಗಂಟು ಹಿಡಿದಿದ್ದಳು. ಗಂಡ ನಾಲ್ಕು ಹೆಜ್ಜೆ ಹಿಂದಿದ್ದ.

“ಸಾಮಿ, ಆ ಗಾಜು ಬಿಚ್ಚಿ ನೋಡಿ” ಎಂದಳು.

“ನೋಡೋಕೇನಿದೆ?”

“ನೀವೇ ಬರ್ಕಂಡಿದ್ರಂತಲ್ಲ ಎಡಗಡೆ ಹಿತ್ತಾಳೆ ಕಾಣ್ತದೆ ಅಂತ. ಕಾಣ್ತದೋ ಇಲ್ವೋ ನೋಡಿ.”

ಬಿಚ್ಚಿಸಿದೆ. ಕನ್ನಡಿಯಂತೆ ಹೊಳೆಯುವ ಬಟ್ಟಲಿನ ಅಂಚಿನಲ್ಲಿ ಹೆಬ್ಬೆರಳಿನಷ್ಟಗಲ ಹಿತ್ತಾಳೆ. ರಿಜಿಸ್ಟರ್ ತೆಗೆದು ನೋಡಿದೆ. ನನ್ನದೇ ಅಕ್ಷರ: ಎಡ ರಿಫ್ಲೆಕ್ಟರ್, ಕೆಳ ಅಂಚು, ಬೆಳ್ಳಿ ಹೋಗಿದೆ. ಆದರೂ ಬಿಂಕ ಬಿಡಲಿಲ್ಲ, “ಹಾಗಾದರೆ ಹೊಳಪು ಎಲ್ಲಿಂದ ಬಂತು?” ಎಂದು ಗದರಿದೆ.

ಗೌರಮ್ಮ ಗಂಟು ಬಿಚ್ಚಿದಳು. ಒಳಗೆ ವಿಭೂತಿಗಟ್ಟಿಯ ಒಡೆದ ಚೂರುಗಳ ಪುಡಿ, ಹಳೆಯ ಪಂಚೆಯ ತುಂಡು. “ನಮ್ಮ ಮಾವನೋರ ಬೆಳ್ಳಿ ಕರಡಿಗೆ ಇದ್ರಲ್ಲೇ ಬೆಳಗೋದು ಸಾಮಿ. ಇದೂ ಬೆಳ್ಳಿನೇ ಅಂದ್ರು ಇವ್ರು. ಬೆಳ್ಳಿಗೆ ಯಾರಾದ್ರೂ ಹುಣಸೆಹಣ್ಣು ಬೂದಿ ಹಾಕ್ತಾರಾ? ನನ್ನ ಕೇಳ್ದೆ ಮಾಡವ್ರೆ” ಎಂದು ಗಂಡನ ಕಡೆ ಒಂದು ನೋಟ ಎಸೆದಳು. ಕೊರಳಲ್ಲಿ ಧರಿಸುವ ಲಿಂಗದ ಬೆಳ್ಳಿಯ ಭರಣಿಯೇ ಕರಡಿಗೆ. ನೆರಳಿನಲ್ಲಿದ್ದ ಲಾರಿ ಡ್ರೈವರೊಬ್ಬ, “ನಮ್ಮಕ್ಕ ಕಾರಿನ ದೀಪಕ್ಕೂ ದೀಕ್ಷೆ ಕೊಟ್ಟವ್ಳೆ ಕಣ್ಲಾ!” ಎಂದು ಕಿಸಕ್ಕನೆ ನಕ್ಕ.

ನನಗೆ ಇನ್ನೂ ನಂಬಿಕೆ ಬರಲಿಲ್ಲ. ಪಕ್ಕದಲ್ಲಿ ನನ್ನ ಸರ್ಕಾರಿ ಮೋಟಾರ್ ಸೈಕಲ್ ನಿಂತಿತ್ತು. ಅವಳೇ ಅದನ್ನು ತೋರಿಸಿ, “ಅದ್ರದ್ದು ಬಿಚ್ಚಿಕೊಡಿ” ಎಂದಳು. ಬಿಚ್ಚಿದರೆ ಒಳಗೆ ಹೊಗೆ ಹಿಡಿದ ಗೂಡಿನಂತೆ ಕಪ್ಪು. ಸಿದ್ದಲಿಂಗಪ್ಪನನ್ನು ಫೇಲು ಮಾಡಿದ ಇನ್‌ಸ್ಪೆಕ್ಟರ್ ತನ್ನ ಗಾಡಿಗೆ ತಾನೇ ಎಫ್‌ಸಿ ಕೊಡುವಂತಿರಲಿಲ್ಲ. ಪುಡಿಯನ್ನು ತೆಳುಬಟ್ಟೆಯಲ್ಲಿ ಜರಡಿ ಹಿಡಿದು ನುಣ್ಣಗೆ ಮಾಡಿದ್ದಳು. ಒದ್ದೆ ಬಟ್ಟೆಗೆ ಚಿಟಿಕೆ ಪುಡಿ ಅದ್ದಿ, ಬಟ್ಟಲಿನ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ, ಒತ್ತದೆ ಒರೆಸಿದಳು. ಸುತ್ತ ಸುತ್ತ ಉಜ್ಜಿದರೆ ಗೀರು ಬಿದ್ದು ಬೆಳಕು ಚೆದುರುತ್ತದೆಯಂತೆ. ಆಮೇಲೆ ನೀರಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಿದಳು. ಕಾಲು ಗಂಟೆಯಲ್ಲಿ ನನ್ನ ಪೆಚ್ಚುಮೋರೆ ಅದರಲ್ಲಿ ಸ್ಪಷ್ಟವಾಗಿ ಕಂಡಿತು.

ಕಾರಿನ ಮೈ ಹೇಗೆ ಹೀಗಿದೆ ಎಂದು ಕೇಳಿದೆ. ಈಗ ಇನ್‌ಸ್ಪೆಕ್ಟರ್ ಗತ್ತು ಇಳಿದು ಕಲಿಯುವವನ ದನಿ ಬಂದಿತ್ತು. ಅವಳು ಅಡುಗೆ ಹೇಳಿಕೊಡುವ ಹಾಗೆ ಹೇಳಿದಳು. ಒಣಧೂಳನ್ನು ಬಟ್ಟೆಯಿಂದ ಒರೆಸಲೇಬಾರದು, ಮರಳಿನ ಕಣ ಬಣ್ಣ ಗೀರುತ್ತದೆ. ಮೊದಲು ಧಾರಾಳವಾಗಿ ನೀರು ಹುಯ್ಯಬೇಕು. ಬಟ್ಟೆ ಸೋಪು ಬಣ್ಣವನ್ನು ಮಂಕು ಮಾಡುತ್ತದೆ, ಅದಕ್ಕೇ ಅಂಟುವಾಳದ ನೊರೆ. ಡಾಂಬರು ಅಂಟಿದ ಕಡೆ ಮಾತ್ರ ಬಟ್ಟೆಯ ತುದಿಗೆ ಒಂದು ತೊಟ್ಟು ಸೀಮೆಎಣ್ಣೆ. ಹೊಳಪಿಗೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿದ ಜೇನುಮೇಣ, ಅದಕ್ಕೆ ಸ್ವಲ್ಪವೇ ಕೊಬ್ಬರಿ ಎಣ್ಣೆ. “ಎಣ್ಣೆ ಜಾಸ್ತಿಯಾದ್ರೆ ಊರಿನ ಧೂಳೆಲ್ಲ ಬಂದು ಅಂಟ್ಕತದೆ” ಎಂದಳು. ಗಾಜಿಗೆ ಒದ್ದೆ ಮಾಡಿದ ಹಳೆಯ ಪೇಪರು, ಸೀಟಿನ ಚರ್ಮಕ್ಕೆ ಹರಳೆಣ್ಣೆಯ ಕೈ. ಪೇಟೆಯ ಡಬ್ಬಿ ಪಾಲಿಶ್ ಒಂದೂ ಇಲ್ಲ. ನಾನು ಡಿಪ್ಲೊಮಾದಲ್ಲಿ ಓದದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಎಫ್‌ಸಿ ಬರೆದು ಸಹಿ ಹಾಕಿ ಕೊಟ್ಟೆ. ಗಂಡ ಹೆಂಡತಿ ಕೈಮುಗಿದು ಹೋದರು.

ಕಳ್ಳ ಎಂದದ್ದರ ಬಗ್ಗೆ ನಾನು ಚಕಾರ ಎತ್ತಲಿಲ್ಲ. ಎಫ್‌ಸಿ ಕೊಟ್ಟೆನಲ್ಲ, ಅಲ್ಲಿಗೆ ಸರಿಹೋಯಿತು ಎಂದುಕೊಂಡೆ.

ಏಪ್ರಿಲ್ ತಿಂಗಳಲ್ಲಿ ಒಂದು ದಿನ ಅಪಘಾತವಾದ ಲಾರಿಯೊಂದನ್ನು ನೋಡಲು ಕುಣಿಗಲ್‌ಗೆ ಬಸ್ಸಿನಲ್ಲಿ ಹೋಗಿದ್ದೆ. ಅಲ್ಲಿಂದ ಲಾರಿ ಬಿದ್ದಿದ್ದ ಜಾಗಕ್ಕೆ ಹೋಗಲು ಗಾಡಿ ಬೇಕಿತ್ತು. ಬಸ್ ನಿಲ್ದಾಣದ ಹೋಟೆಲಿನವನನ್ನು ವಿಚಾರಿಸಿದೆ.

“ದೀಪಗಳ್ಳಂದು ನಿಂತೈತೆ ಸಾರ್. ಅದು ಬ್ಯಾಡ ಬುಡಿ, ಇನ್ನೊಂದು ಬರ್ತದೆ.”

“ಯಾರು ದೀಪಗಳ್ಳ?”

“ಅದೇ ಸಿದ್ದಲಿಂಗಪ್ಪ. ಇನ್‌ಸ್ಪೆಕ್ಟರೇ ಹಿಡಿದು ಉಗಿದ್ರಂತಲ್ಲ. ಮನೆ ಹೆಂಗಸ್ರನ್ನ ಅಂಥವ್ನ ಜೊತೆ ಹೆಂಗೆ ಕಳಿಸೋದು ಸಾರ್?”

ಅಂದು ನಾನು ಖಾಕಿ ತೊಟ್ಟಿರಲಿಲ್ಲ, ಅವನಿಗೆ ನನ್ನ ಗುರುತಿರಲಿಲ್ಲ. ನಾನು ಬೈದದ್ದನ್ನು ಕೇಳಿದವರು ಮೂವತ್ತು ಜನ. ಹಿತ್ತಾಳೆಯ ಗುರುತು ಕಂಡವರು ಬೀಡಿ ಸೇದುತ್ತಿದ್ದ ಆ ಇಬ್ಬರು ಮಾತ್ರ. ಆ ಮೂವತ್ತು ಜನರ ಬಾಯಲ್ಲಿ ನನ್ನ ಮಾತು ಒಂದೇ ತಿಂಗಳಲ್ಲಿ ತಾಲ್ಲೂಕೆಲ್ಲ ಸುತ್ತಿತ್ತು. ಆಚೆ ಅವನ ಕಾರು ಮೈತುಂಬ ಧೂಳು ಹೊತ್ತು ನಿಂತಿತ್ತು.

ಲಾರಿಯ ಕೆಲಸ ಮುಗಿಸಿಕೊಂಡು ಬಂದವನೇ ಅವರ ಮನೆ ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಚಾಪೆ ಹಾಸಿದರು. ಗೌರಮ್ಮನ ಮುಖದಲ್ಲಿ ಮೊದಲಿನ ಗೆಲುವಿರಲಿಲ್ಲ. “ಗಾಡಿ ತೊಳೆಯಾಕೆ ಮನಸಿಲ್ಲ ಸಾಮಿ. ಹೊಳೆದಷ್ಟೂ ಎಲ್ಲಿ ಕದ್ದೆ ಅಂತಾರೆ” ಎಂದಳು. “ನನ್ನಿಂದ ತಪ್ಪಾಯಿತು ತಾಯಿ. ದುಡುಕಿ ಆಡಿಬಿಟ್ಟೆ” ಎಂದೆ.

ಅವಳು ಹೇಳಿದಳು: “ಕಳ್ಳ ಅಂದಿದ್ದು ಶೆಡ್ ಮುಂದೆ, ಅಷ್ಟು ಜನದೆದುರಿಗೆ. ತಪ್ಪಾಯ್ತು ಅನ್ನೋಕೆ ನಮ್ಮ ಜಗಲಿಗೆ ಬಂದಿದ್ದೀರಿ. ಇಲ್ಲಿ ನಾವಿಬ್ರೇ ಸಾಮಿ. ನಮಗೆ ಮೊದ್ಲೇ ಗೊತ್ತು ಇವ್ರು ಕಳ್ಳರಲ್ಲ ಅಂತ.”

“ಏ, ಸುಮ್ಕಿರೇ” ಎಂದ ಸಿದ್ದಲಿಂಗಪ್ಪ. ಅವಳು ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಮುಂದಿನ ಕ್ಯಾಂಪಿನವರೆಗೆ ನನ್ನೊಳಗೆ ಜಗ್ಗಾಟ ನಡೆಯಿತು. ಸರ್ಕಾರಿ ಅಧಿಕಾರಿ ಡ್ರೈವರುಗಳ ಮುಂದೆ ತಪ್ಪೊಪ್ಪಿಕೊಂಡರೆ ನಾಳೆ ಯಾರು ಹೆದರುತ್ತಾರೆ ಎಂದು ಒಂದು ಮನಸ್ಸು. ಇದನ್ನು ಕೇಳಿದ ಹಿರಿಯ ಸಹೋದ್ಯೋಗಿಯೊಬ್ಬರು ನಿನಗೇನು ತಲೆ ಕೆಟ್ಟಿದೆಯೇ ಎಂದರು. ಆದರೆ ಧೂಳು ಹೊತ್ತ ಆ ಕಾರು ಕಣ್ಣಿನಿಂದ ಸರಿಯಲಿಲ್ಲ. ಕ್ಯಾಂಪಿನ ದಿನ ಬೆಳಗ್ಗೆ, ಒಂದು ಗಾಡಿಯನ್ನೂ ಮುಟ್ಟುವ ಮುಂಚೆ, ಸಿದ್ದಲಿಂಗಪ್ಪನನ್ನು ಕರೆಸಿ ಶೆಡ್ಡಿನ ಮುಂದೆ ನಿಲ್ಲಿಸಿಕೊಂಡೆ. ಎಲ್ಲರನ್ನೂ ಹತ್ತಿರ ಕರೆದು, ರಿಜಿಸ್ಟರ್ ಎತ್ತಿ ಹಿಡಿದು ನನ್ನ ಬರಹವನ್ನು ನಾನೇ ಓದಿದೆ. “ದೀಪ ಇವನದೇ. ಗಾಜು ಬಿಚ್ಚಿ ನೋಡದೆ ಕಳ್ಳ ಅಂದವನು ನಾನು. ತಪ್ಪು ನನ್ನದು. ಅಂದು ಇಲ್ಲಿ ಕೇಳಿದ್ದನ್ನು ಎಲ್ಲೆಲ್ಲಿ ಹೇಳಿದ್ದೀರೋ, ಇದನ್ನೂ ಅಲ್ಲೆಲ್ಲ ಹೇಳಿ” ಎಂದೆ. ಯಾರೂ ನಗಲಿಲ್ಲ. ವಯಸ್ಸಾದ ಲಾರಿ ಡ್ರೈವರೊಬ್ಬ ಮುಂದೆ ಬಂದು ಸಿದ್ದಲಿಂಗಪ್ಪನ ಹೆಗಲ ಮೇಲೆ ಕೈಯಿಟ್ಟ. ಅಂದು ಸಂಜೆಯೊಳಗೆ ಮೂವರು ಡ್ರೈವರುಗಳು ತಮ್ಮ ರಿಫ್ಲೆಕ್ಟರ್ ಬಿಚ್ಚಿಕೊಂಡು ಗೌರಮ್ಮನ ಜಗಲಿ ಹತ್ತಿದ್ದರು.

ಕ್ಯಾಂಪ್ ಮುಗಿದ ಮೇಲೆ ಮೋಟಾರ್ ಸೈಕಲನ್ನು ಪ್ರವಾಸಿ ಮಂದಿರದಲ್ಲೇ ಬಿಟ್ಟು, ಸಿದ್ದಲಿಂಗಪ್ಪನ ಟ್ಯಾಕ್ಸಿಯಲ್ಲಿ ತುಮಕೂರಿಗೆ ಹೊರಟೆ. ಪೇಟೆ ಬೀದಿಯಲ್ಲೇ ಹೋಗು, ನಿಧಾನವಾಗಿ ಹೋಗು ಎಂದು ಹೇಳಿ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತೆ. ಖಾಕಿ ತೊಟ್ಟ ನನ್ನನ್ನು ಅಂಗಡಿಯವರೆಲ್ಲ ನೋಡಲಿ ಎಂದೇ ಕೂತೆ. ಊರು ದಾಟಿದ ಮೇಲೆ ಆ ಮಿತಭಾಷಿ ಮೊದಲ ಬಾರಿಗೆ ತಾನಾಗಿ ಬಾಯಿಬಿಟ್ಟ.

“ಒಂದ್ ಮಾತು ಸಾರ್. ಬೈಬೇಡಿ ಅನ್ನಲ್ಲ. ನಮ್ಮಲ್ಲೂ ಕಳ್ಳರವ್ರೆ. ಮೊದ್ಲು ಗಾಜು ಬಿಚ್ಚಿ ನೋಡಿ, ಆಮ್ಯಾಕೆ ಬೈರಿ.”

ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ ಆ ಕೆಲಸ ಮಾಡಿದೆ. ನನ್ನ ಕೋಪವೇನೂ ಕಡಿಮೆಯಾಗಲಿಲ್ಲ, ಬೈಯಬೇಕಾದವರನ್ನು ಬೇಕಾದಷ್ಟು ಬೈದೆ. ಆದರೆ ಗಾಜು ಬಿಚ್ಚದೆ ಒಬ್ಬರನ್ನೂ ಬೈಯಲಿಲ್ಲ.