ಒಂದು ಜಿಗಿತಕ್ಕೆ ಹನ್ನೆರಡು ಹಾಳೆ

ಅವರ ಕೆಳತುಟಿಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಇರುತ್ತಿತ್ತು. ಮೊದಲ ಸಲ ನೋಡಿದಾಗ ಮಚ್ಚೆ ಅಂದುಕೊಂಡೆ. ಮುಂದಿನ ವಾರ ಅದು ಎಡಗಡೆಯಿಂದ ಬಲಗಡೆಗೆ ಬಂದಿತ್ತು. ಕುಂಚದ ತುದಿ ಚೂಪಾಗಲೆಂದು ಅವರು ಅದನ್ನು ತುಟಿಗೆ ಒತ್ತಿಕೊಳ್ಳುತ್ತಿದ್ದರು, ಶಾಯಿ ಅಲ್ಲೇ ಉಳಿಯುತ್ತಿತ್ತು. ಒರೆಸಿಕೊಳ್ಳಿ ಅಂದರೆ, "ಯಾರ್ ನೋಡ್ಬೇಕು ಬುಡು" ಅನ್ನುತ್ತಿದ್ದರು.

ನಾನು ಅವರನ್ನು ಕರೆಯುತ್ತಿದ್ದದ್ದು ಚಿತ್ರದ ಮೇಡಂ ಎಂದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರೈತರಿಗೆ ಹಂಚುವ ಕರಪತ್ರಗಳಿಗೆ ಬೆಳೆ ತಿನ್ನುವ ಹುಳಗಳ ಚಿತ್ರ ಬರೆದು ಬರೆದೇ ಕೂದಲು ನರೆಸಿಕೊಂಡವರು. ಎಲ್ಲದಕ್ಕೂ ಫೋಟೋ ಬಂದ ಮೇಲೆ ಅವರ ಚಿತ್ರ ಕೇಳುವವರು ಕಡಿಮೆಯಾದರು, ಆಮೇಲೆ ನಿವೃತ್ತಿಯೂ ಆಯಿತು. ಮದುವೆ ಆಗಿರಲಿಲ್ಲ. ಯಲಿಯೂರಿನಲ್ಲಿ ರೈಲು ಹಳಿಗೆ ಹತ್ತಿರ ಎರಡು ಕೋಣೆಯ ಮನೆ, ಹಿಂದೆ ಬೇರೆಯವರ ಭತ್ತದ ಗದ್ದೆ. ರೈಲು ಬಂದರೆ ಮೇಜು ಅದುರುತ್ತಿತ್ತು. ಅವರು ಕುಂಚ ಎತ್ತಿ ಹಿಡಿದು, ಕೊನೆಯ ಡಬ್ಬಿ ದಾಟುವವರೆಗೆ ಹಾಗೇ ಕಾಯುತ್ತಿದ್ದರು.

ನಾನೂ ಒಂಟಿಯೇ. ಗಂಡನ ಮನೆ ಬಿಟ್ಟು ಬಂದು ಮಂಡ್ಯದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಕೈಯಲ್ಲಿ ಬರೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಓಡಾಡಿಸಿ, ರೈತರು ಫೋನಿನಲ್ಲಿ ನೋಡುವಂಥ ಒಂದೆರಡು ನಿಮಿಷದ ಅನಿಮೇಷನ್ ಮಾಡುವುದು ನನ್ನ ಕೆಲಸ. ಕೆಲವು ದಿನ ಹಾಲಿನವನ ಹತ್ತಿರ ಆಡಿದ ಎರಡು ಮಾತು ಬಿಟ್ಟರೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಭತ್ತದ ಜಿಗಿಹುಳದ ಬಗ್ಗೆ ಒಂದು ಅನಿಮೇಷನ್ ಮಾಡಬೇಕಾಗಿ ಬಂದಾಗ ಹಳೆಯ ಕರಪತ್ರವೊಂದು ಸಿಕ್ಕಿತು. ಅದರ ಚಿತ್ರ ಬರೆದವರನ್ನು ಹುಡುಕಿಕೊಂಡು ಹೋದೆ.

ಚಿತ್ರ ಕೊಟ್ಟರು. ಒಂದೇ ಕರಾರು, ಊರಿಗೆಲ್ಲ ತೋರಿಸುವ ಮುಂಚೆ ತಮಗೆ ತೋರಿಸಬೇಕು.

ಅವರ ಹುಳದ ಕಾಲುಗಳನ್ನು ಕಂಪ್ಯೂಟರಿನಲ್ಲಿ ಬೇರೆ ಬೇರೆ ಕತ್ತರಿಸಿ, ಭತ್ತದ ದಂಟಿನ ಮೇಲೆ ಸರಸರ ಹತ್ತಿಸಿದೆ. ನನಗೇನೋ ಬಲು ಚೆನ್ನಾಗಿ ಕಂಡಿತು. ಮೇಡಂ ಎರಡು ಸಲ ನೋಡಿ ಕನ್ನಡಕ ತೆಗೆದರು.

"ಇದು ಇರುವೆ ಕಣಮ್ಮ. ನನ್ನ ಉಳದ ಮೈಗೆ ಇರುವೆ ಕಾಲು ಕಟ್ಟಿದ್ದೀಯ."

ಅಷ್ಟಕ್ಕೇ ಬಿಡಲಿಲ್ಲ. ಸೀರೆ ಎತ್ತಿ ಕಟ್ಟಿಕೊಂಡು ನನ್ನನ್ನು ಹಿಂದಿನ ಗದ್ದೆಗೆ ಇಳಿಸಿದರು. ಭತ್ತದ ಬುಡ ಬಿಡಿಸಿ, ಬಗ್ಗಿ ನೀರಿನ ಮಟ್ಟದಲ್ಲಿ ನೋಡು ಅಂದರು. ಅಕ್ಕಿನುಚ್ಚಿನಷ್ಟು ಕಂದು ಹುಳ ದಂಟಿಗೆ ಅಂಟಿಕೊಂಡಿತ್ತು. ನನ್ನ ಬೆರಳು ಹತ್ತಿರ ಹೋದದ್ದೇ ತಡ, ಅದು ಮೇಲೂ ಹತ್ತಲಿಲ್ಲ, ಕೆಳಗೂ ಇಳಿಯಲಿಲ್ಲ, ಪಕ್ಕಕ್ಕೆ ಸರಿದು ದಂಟಿನ ಆ ಬದಿಗೆ ಅಡಗಿತು.

"ಕಂಡ್ತಾ? ಅಡ್ಡಡ್ಡಕ್ಕೆ ಓಯ್ತದೆ. ರೈತ ಬರೀ ಬಣ್ಣ ನೋಡಕಿಲ್ಲ, ಅದರ ನಡಿಗೆ ನೋಡ್ತಾನೆ. ನೋಡ್ದೆ ಬರೀಬ್ಯಾಡ."

ಆ ಕೊನೆಯ ಮಾತು ಅವರ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ನಾನು ಕಾಫಿಗೆ ಸಕ್ಕರೆ ಹಾಕುವಾಗಲೂ "ನೋಡ್ದೆ ಆಕ್ಬ್ಯಾಡ" ಅನ್ನುವರು.

ಹುಳ ಅಡ್ಡಕ್ಕೆ ಸರಿಯುವುದನ್ನು ತಾವೇ ಬರೆದುಕೊಡುತ್ತೇನೆ ಅಂದರು. ಹಾಗೊಮ್ಮೆ ಸರಿಯುವುದಕ್ಕೆ ಹನ್ನೆರಡು ಹಾಳೆ ಬೇಕು, ಒಂದೊಂದರಲ್ಲೂ ಕಾಲು ಕೂದಲೆಳೆಯಷ್ಟು ಆಚೆಗೆ. ಆದರೆ ಅವರ ಕೈ ಆಗಲೇ ನಡುಗುತ್ತಿತ್ತು. ವಾರಕ್ಕೆ ಎರಡು ಮೂರು ಹಾಳೆ ಆದರೆ ಹೆಚ್ಚು. ಕೈ ಪೂರ್ತಿ ಸೋಲುವುದರೊಳಗೆ ಹುಳವನ್ನು ಸರಿಯಾಗಿ ನಡೆಸಬೇಕು, ಆಮೇಲೆ ಜಿಗಿಸಬೇಕು. ಅವರಿಗೆ ಉಳಿದಿದ್ದ ಆಸೆ ಅದೊಂದೇ. ಪ್ರತಿ ಭಾನುವಾರ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಹಾಳೆಗಳ ಫೋಟೋ ತೆಗೆದುಕೊಂಡು ಬರುತ್ತಿದ್ದೆ.

ಗೆರೆಗಳೆಲ್ಲ ಸೊಟ್ಟ. ಸೊಟ್ಟ ಗೆರೆಯನ್ನು ನುಣುಪು ಮಾಡುವ ಸೌಕರ್ಯ ಕಂಪ್ಯೂಟರಿನಲ್ಲಿತ್ತು. ಅವರಿಗೆ ಖುಷಿಯಾಗಲೆಂದೇ, ಕೇಳದೆ ಹಾಗೆ ಮಾಡಿದೆ. ಹನ್ನೆರಡನ್ನೂ ಓಡಿಸಿ ತೋರಿಸಿದಾಗ ಅವರು ಹುಬ್ಬು ಗಂಟಿಕ್ಕಿದರು.

"ಈ ಗೆರೆ ನಂದಲ್ಲ."

"ಸ್ವಲ್ಪ ಸರಿ ಮಾಡಿದೆ ಮೇಡಂ, ಅಷ್ಟೇ."

"ನನ್ನ ಕೈ ನಡುಗ್ತದೆ. ನಡುಗ್ಲಿ. ನಿಂಗೇನ್ ಕಷ್ಟ?"

ಆ ದಿನ ಕಾಫಿ ಕೊಡಲಿಲ್ಲ. ಕಿಟಕಿಯ ಕಡೆ ತಿರುಗಿ ಕುಳಿತರು. ಆ ವಾರವೆಲ್ಲ ಕೋಣೆಯಲ್ಲಿ ಒಬ್ಬಳೇ ಕುಳಿತಿದ್ದಾಗ, ನನ್ನನ್ನು ಬೈಯುವುದಕ್ಕಾದರೂ ಇದ್ದವರು ಅವರೊಬ್ಬರೇ ಅನ್ನುವುದು ಹೊಳೆದು ಅತ್ತುಬಿಟ್ಟೆ.

ಅವರ ಗೆರೆಗಳನ್ನು ಇದ್ದಂತೆಯೇ ವಾಪಸು ಕೂರಿಸಿದೆ. ಓಡಿಸಿ ನೋಡಿದೆ. ನಡುಕ ಹಾಳೆಯಿಂದ ಹಾಳೆಗೆ ಬೇರೆಯಾದ್ದರಿಂದ ಹುಳ ನಿಂತಲ್ಲೇ ಉಸಿರಾಡುತ್ತಿತ್ತು. ಭಾನುವಾರ ಮೇಡಂ ಅದನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ.

"ಇಷ್ಟ್ ವರ್ಸ ಸೂಜಿ ಚುಚ್ಚಿಟ್ಟ ಸತ್ತ ಉಳ ನೋಡ್ಕಂಡೇ ಬರ್ದೆ ಕಣಮ್ಮ. ಜೀವ ಇರೋದು ಇದೊಂದೇ."

ಮೇಡಂ ಒಪ್ಪಿದ ಮೇಲೆ ಪೂರಿಗಾಲಿಯ ರೈತರೊಬ್ಬರು ಅದನ್ನು ನನ್ನ ಫೋನಿನಲ್ಲಿ ನೋಡಿ, ಪಕ್ಕದಲ್ಲಿದ್ದ ಗೆಳೆಯನಿಗೆ, "ಲೇ, ನಮ್ಮ ಗದ್ದೇಲಿರೋದು ಇದೇ ಕಣ್ಲಾ, ಇಂಗೇ ತಪ್ಪಿಸ್ಕತದೆ" ಅಂದರು. ಮುಂದಿನ ಭಾನುವಾರ ಅದನ್ನು ಹೇಳಿದೆ. ಮೇಡಂ ಆ ಮಾತನ್ನು ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದರು.

ಮಾರನೆಯ ವಾರವೇ ಜಿಗಿತಕ್ಕೆ ಕೈ ಹಾಕಿದರು. ಅದಕ್ಕೂ ಹನ್ನೆರಡು ಹಾಳೆ. ಈಗ ರೈಲು ಬಂದರೂ ಕುಂಚ ಎತ್ತುತ್ತಿರಲಿಲ್ಲ, "ಅದೂ ಸ್ವಲ್ಪ ನಡುಗಿಸ್ಲಿ" ಎಂದು ನಗುತ್ತಿದ್ದರು. ಒಂಬತ್ತು ಹಾಳೆ ಆಗಿದ್ದಾಗ ಒಂದು ಬೆಳಿಗ್ಗೆ ಅವರ ಪಕ್ಕದ ಮನೆಯಾಕೆ ಫೋನ್ ಮಾಡಿದರು.

"ನಿಮ್ ಮೇಡಂ ಓಗ್ಬುಟ್ರು ಕಣಮ್ಮ. ಮಲಗಿದ್ದೋರು ಏಳ್ಲೇ ಇಲ್ಲ."

ನಾನು ತಲುಪುವಷ್ಟರಲ್ಲಿ ಮೀಯಿಸಿ ಮಲಗಿಸಿದ್ದರು. ತುಟಿ ನೋಡಿದೆ. ಯಾರೋ ಆ ಚುಕ್ಕೆಯನ್ನು ತಿಕ್ಕಿ ತೊಳೆದಿದ್ದರು. ಅಲ್ಲಿಯವರೆಗೆ ತಡೆದುಕೊಂಡಿದ್ದವಳಿಗೆ ಆಗ ತಡೆಯಲಾಗಲಿಲ್ಲ. ಮೇಜಿನ ಮೇಲೆ ಹತ್ತನೆಯ ಹಾಳೆ ಇತ್ತು. ಅದರ ಮೂಲೆಯಲ್ಲಿ ಸಂಖ್ಯೆ ಬರೆದದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ಒಂಬತ್ತನೆಯ ಹಾಳೆಯಲ್ಲಿ ಹುಳ ಹಿಂಗಾಲು ಮಡಚಿ ಇನ್ನೇನು ಜಿಗಿಯಬೇಕು. ಉಳಿದ ಮೂರನ್ನು ಕಂಪ್ಯೂಟರ್ ತಾನೇ ಊಹಿಸಿ ತುಂಬಿಕೊಡುತ್ತದೆ. ನಾನು ಅದಕ್ಕೆ ಬಿಟ್ಟಿಲ್ಲ. ಅವನ್ನು ಕೈಯಲ್ಲೇ ಬರೆಯಬೇಕು, ಆದರೆ ಹುಳ ದಂಟು ಬಿಡುವ ಗಳಿಗೆ ನನ್ನ ಕಣ್ಣಿಗೆ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಭಾನುವಾರ ಈಗಲೂ ಯಲಿಯೂರಿನಲ್ಲಿ ಇಳಿಯುತ್ತೇನೆ. ಬೀಗ ಹಾಕಿದ ಮನೆಯನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ, ಕೆಸರಿಗಿಳಿದು, ಭತ್ತದ ಬುಡ ಬಿಡಿಸಿ ನೋಡುತ್ತಾ ನಿಲ್ಲುತ್ತೇನೆ.