ಅಕ್ಕನ ಕೇಸಿನಲ್ಲಿ ಇಳಿದ ದಂಡ

ಬಾಣಾವರದಲ್ಲಿ ಟೀಚರಾಗಿದ್ದ ನನ್ನ ಅಕ್ಕ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರಿನ ವಿಷಾನಿಲಕ್ಕೆ ಉಸಿರುಗಟ್ಟಿ ಸತ್ತಳು. ಬಾಗಿಲು ಒಡೆದು ಅವಳನ್ನು ಹೊರಗೆ ಎತ್ತಿ ತಂದವರು ಭಾವ. ಆ ಗೀಸರಿನ ದೋಷದ ಬಗ್ಗೆ ಕಂಪನಿಗೆ ಮೊದಲೇ ದೂರುಗಳು ಹೋಗಿದ್ದವು. ಆದರೂ ಅವರು ಮಾರುತ್ತಲೇ ಇದ್ದರು. ಅದಕ್ಕಾಗಿ ಹಾಸನದ ಗ್ರಾಹಕರ ನ್ಯಾಯಾಲಯ ಪರಿಹಾರದ ಜೊತೆಗೆ ದಂಡವೆಂದು ಇನ್ನೊಂದು ದೊಡ್ಡ ಮೊತ್ತವನ್ನೂ ನಮಗೆ ಕೊಡಲು ಕಂಪನಿಗೆ ಹೇಳಿತು. ಕಂಪನಿಯವರು ಬೆಂಗಳೂರಿನಲ್ಲಿ ಮೇಲ್ಮನವಿ ಹಾಕಿದರು.

ಎರಡು ವರ್ಷದ ನಂತರ ಅದರ ತೀರ್ಪು ಬಂತು. ಅರಸೀಕೆರೆಯ ನಮ್ಮ ವಕೀಲರು ನನ್ನನ್ನೂ ಭಾವನನ್ನೂ ಕೂರಿಸಿಕೊಂಡು ವಿವರಿಸಿದರು.

"ಪರಿಹಾರ ಹಾಗೇ ಇದೆ ಕಣ್ರೀ. ದಂಡ ಮಾತ್ರ ಕಾಲು ಭಾಗಕ್ಕೆ ಇಳಿಸಿದಾರೆ. ದಂಡ ತಪ್ಪಿಗೆ ತಕ್ಕಷ್ಟಿರಬೇಕು, ಇದು ಅತಿಯಾಯ್ತು ಅಂತಾರೆ. ಕಂಪನಿ ಈಗ ಆ ಮಾಲು ಮಾರೋದು ನಿಲ್ಲಿಸಿದೆ, ಅದನ್ನೂ ಲೆಕ್ಕಕ್ಕೆ ತಗೊಂಡಿದಾರೆ."

"ತಪ್ಪು ಅವ್ರದೇ ಅಂತ ಬರ್ದೈತಾ?" ಭಾವ ಕೇಳಿದರು.

"ಇದೆ. ಅದನ್ನ ಅಳಿಸಿಲ್ಲ."

ನನಗೆ ಸಿಟ್ಟು ತಡೆಯಲಾಗಲಿಲ್ಲ. ಅಕ್ಕ ಸತ್ತ ಮೇಲೆ ಮಾರಾಟ ನಿಲ್ಲಿಸಿದ್ದಕ್ಕೆ ರಿಯಾಯಿತಿಯೇ? ದೆಹಲಿಯಲ್ಲಿ ಇನ್ನೊಂದು ಮೇಲ್ಮನವಿ ಹಾಕೋಣ ಎಂದೆ. ಅವಕಾಶ ಇದೆ ಎಂದು ವಕೀಲರೂ ಹೇಳಿದರು. ಭಾವ ಅಡ್ಡಡ್ಡ ತಲೆಯಾಡಿಸಿದರು.

"ಬ್ಯಾಡ ಕಣೋ. ಅವ್ಳು ಹೆಂಗೆ ಸತ್ಲು ಅಂತ ಕೋರ್ಟಿನೋರು ಇನ್ನೊಂದ್ ಸಲ ಓದೋದನ್ನ ಕೂತು ಕೇಳ್ಬೇಕು. ನನ್ ಕೈಲಾಗಲ್ಲ."

ಇಬ್ಬರೂ ಊರಿಗೆ ವಾಪಸ್ ಹೊರಟೆವು. ಬಸ್ಸಿನಲ್ಲಿ ಭಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅಳುತ್ತಿದ್ದರು. ಆ ಕೇಸಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.